ಚಾಂಪಣ್ಣನವರು ಬಸ್ಸಿನಲ್ಲಿ ನಿಂತು ಬಂದದ್ದು

ಶಿಕಾರಿಪುರದಲ್ಲಿ ನಾನಿದ್ದ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಮೋಟುಗೋಡೆ ಇತ್ತು. ಆ ಗೋಡೆಯಾಚೆಯ ಮನುಷ್ಯ ಹೋಗಿಬಿಟ್ಟರೆಂದು ಅವರ ತಂಗಿ ಶಾರದಮ್ಮ ಕಳೆದ ವಾರ ಫೋನು ಮಾಡಿದ್ದರು.

"ನಿಮಗೆ ಹೇಳ್ಬೇಕು ಅನ್ನಿಸ್ತು ಮೇಷ್ಟ್ರೇ. ಅಣ್ಣನ ಗುಟ್ಟು ಕಾಯ್ದೋರು ನೀವು, ಒಡೆದೋಳು ನಾನು" ಎಂದರು. ಅಳುತ್ತಿದ್ದವರು ಅಷ್ಟು ಹೇಳಿ ಇದ್ದಕ್ಕಿದ್ದಂತೆ ನಕ್ಕರು. ನನಗೂ ನಗು ತಡೆಯಲಿಲ್ಲ. ಸಾವಿನ ಸುದ್ದಿ ಕೇಳಿ ನಗುತ್ತಿರುವ ಮಾವನನ್ನು ನನ್ನ ಸೊಸೆ ಅಡುಗೆಮನೆಯಿಂದ ಹಣಕಿ ನೋಡಿ ಹೋದಳು. ಅವಳಿಗೆ ಬಿಡಿಸಿ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ಇದನ್ನು ಬರೆದಿಡಬೇಕೆನ್ನಿಸಿತು.

ಅವರ ಹೆಸರು ಬರೆಯುವುದಿಲ್ಲ. ಅವರು ಬಹಳ ನಾಚಿಕೆಯ ಮನುಷ್ಯ. ಈ ಕಥೆಯ ಪಕ್ಕದಲ್ಲಿ ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಈಗಲೂ ಸರಿಬರಲಾರದು. ಊರವರು 'ಚಾಂಪಿಯನ್' ಎನ್ನಲು ಹೋಗಿ ನಾಲಗೆ ತಿರುಗದೆ 'ಚಾಂಪಣ್ಣ' ಮಾಡಿದ್ದರು. ಇಲ್ಲಿಯೂ ಅದೇ ಇರಲಿ.

ಅವರ ಕಸುಬು ಸೈಕಲ್. ರಿಪೇರಿಯಲ್ಲ, ಬಾಡಿಗೆ ಅಂಗಡಿಯಲ್ಲ, ತುಳಿಯುವುದು. ಹೊಸಬರು ಯಾರಾದರೂ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ "ಸೈಕಲ್ ಹೊಡೀತೀನ್ರೀ" ಎನ್ನುತ್ತಿದ್ದರು. "ಅದು ಸರಿ, ಹೊಟ್ಟೆಪಾಡಿಗೆ?" ಎಂದರೆ "ಅದಕ್ಕೇ ಹೊಡೀತೀನ್ರೀ" ಎನ್ನುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಊರೂರಿನ ಮೈದಾನದಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿ, ಅದರೊಳಗೆ ಕೆಳಗಿಳಿಯದೆ ದಿನಗಟ್ಟಲೆ ಸುತ್ತುತ್ತಿದ್ದರು. ಊಟ, ಸ್ನಾನ, ಕ್ಷೌರ ಎಲ್ಲ ಸೈಕಲ್ಲಿನ ಮೇಲೆಯೇ. ಆನವಟ್ಟಿಯಲ್ಲಿ ಒಮ್ಮೆ ಕ್ಷೌರದವನು ಕತ್ತಿ ಹಿಡಿದು ಪಕ್ಕದಲ್ಲಿ ಓಡುತ್ತಾ ಓಡುತ್ತಾ ಅರ್ಧ ಮೀಸೆ ತೆಗೆಯುವಷ್ಟರಲ್ಲಿ ಉಸಿರು ಹತ್ತಿ ನೆಲದ ಮೇಲೆ ಕೂತುಬಿಟ್ಟನಂತೆ. ಉಳಿದ ಅರ್ಧ ಮೀಸೆಯಲ್ಲೇ ಇವರು ಮರುದಿನದವರೆಗೆ ಸುತ್ತಿದರು. ಅದೂ ಆಟದಲ್ಲಿ ಸೇರಿದ್ದೆಂದು ತಿಳಿದ ಜನ ಇನ್ನಷ್ಟು ಚಪ್ಪಾಳೆ ಹೊಡೆದರು. ಮುಂದಿನ ವರ್ಷ ಆನವಟ್ಟಿಯವರು "ಆ ಅರ್ಧ ಮೀಸೆದೂ ಮಾಡ್ರೀ" ಎಂದು ದುಂಬಾಲು ಬಿದ್ದರಂತೆ.

ಇದರ ಜೊತೆಗೆ ದಾವಣಗೆರೆ, ಸಾಗರ, ಶಿವಮೊಗ್ಗದ ಕಡೆ ವರ್ತಕರು ನಡೆಸುತ್ತಿದ್ದ ಓಟಗಳು. ಗೆದ್ದು ತಂದ ಬೆಳ್ಳಿಯ ಕಪ್ಪುಗಳಲ್ಲಿ ಅವರ ತಾಯಿ ಮಜ್ಜಿಗೆ ಕೊಡುತ್ತಿದ್ದರು. ಎರಡು ಕಿವಿಯ ಆ ಪಾತ್ರೆಯನ್ನು ಯಾವ ಕಡೆಯಿಂದ ಬಾಯಿಗಿಡಬೇಕೆಂದು ತಿಳಿಯದೆ ನಾನು ಮೊದಲ ದಿನವೇ ಅಂಗಿಯ ಮೇಲೆ ಚೆಲ್ಲಿಕೊಂಡೆ.

ಲೋಕದಲ್ಲಿ ಅವರಿಗೆ ಎರಡೇ ಬಗೆಯ ಊರುಗಳಿದ್ದವು: ಏರಿನ ಊರು, ಇಳಿಜಾರಿನ ಊರು. ಯಾರ ಮಾತು ಬಂದರೂ "ಯಾವೂರು? ಹ್ಞಾಂ, ಏರು" ಎಂದು ತಲೆಯಾಡಿಸುತ್ತಿದ್ದರು, ಅದು ಆ ಮನುಷ್ಯನ ಗುಣವೋ ಎಂಬಂತೆ. ಅವರಿಗೊಂದು ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಜಾತಕ ತೆಗೆದರೆ ಇವರು ದಾರಿಯಲ್ಲಿ ಏರು ಎಷ್ಟು ಉದ್ದ ಎಂದು ಕೇಳಿ ಸಂಬಂಧ ಅಲ್ಲಿಗೇ ಮುರಿದಿತ್ತು. "ತೌರುಮನೆಗೆ ಕರ್ಕೊಂಡು ಹೋಗೋನು ನಾನಲ್ಲೇನ್ರೀ ಮೇಷ್ಟ್ರೇ? ಹಿಂದ್ಗಡೆ ಕ್ಯಾರಿಯರ್ ಮ್ಯಾಲೆ ಒಂದು ಜೀವ ಕೂತಿರ್ತೈತೆ" ಎಂದು ನನಗೆ ಸಮಜಾಯಿಷಿ ಕೊಟ್ಟರು. ಮೂವತ್ತು ಸಮೀಪಿಸಿದ್ದರೂ ಅವರು ಒಂಟಿಯಾಗಿಯೇ ಇದ್ದರು.

ನಾಚಿಕೆಯ ಮನುಷ್ಯ ಎಂದೆನಲ್ಲ. ಬೇರೆ ಸವಾರರೆಲ್ಲ ಓಟಕ್ಕೆ ಚಡ್ಡಿ ತೊಟ್ಟು ಬಂದರೆ ಇವರು ಉದ್ದನೆಯ ಪಾಯಿಜಾಮವನ್ನು ಹರಡಿನ ಹತ್ತಿರ ದಾರದಿಂದ ಬಿಗಿದು ಕಟ್ಟಿಕೊಂಡು ಬರುತ್ತಿದ್ದರು. ಹೆಣ್ಣುಮಕ್ಕಳು ನಿಂತಿರುವ ರಸ್ತೆಯಲ್ಲಿ ಗಂಡಸು ಮೊಣಕಾಲು ತೋರಿಸುವುದು ಹೇಗೆ ಎಂಬುದು ಅವರ ವಾದ. ಸೀನು ಬಂದರೆ ಗೋಡೆಯ ಕಡೆ ತಿರುಗಿ ಸೀನಿ, ಗೋಡೆಗೇ ಕ್ಷಮೆ ಕೇಳುವವರಂತೆ ಒಂದು ಗಳಿಗೆ ನಿಂತು, ಆಮೇಲೆ ಈ ಕಡೆ ತಿರುಗುತ್ತಿದ್ದರು.

ಅವರ ಅಭಿಮಾನಿಗಳಿಗೆ ಆ ಪೈಕಿ ಯಾವ ನಾಚಿಕೆಯೂ ಇರಲಿಲ್ಲ. ಬಸ್ ನಿಲ್ದಾಣದ ಎದುರು ರುದ್ರಪ್ಪನವರ ಹೋಟೆಲಿತ್ತು. ಅಲ್ಲಿ ಸಂಜೆಯಾದರೆ ರುದ್ರಪ್ಪನವರು, ಪಕ್ಕದ ಟೈಲರ್ ಹುಸೇನ್ ಸಾಬರು, ಕೆಲಸದಿಂದ ನಿವೃತ್ತರಾದ ಶಾನುಭೋಗರು, ಈ ಮೂವರು ಸೇರಿ ಚಾಂಪಣ್ಣನವರ ದೇಹಸ್ಥಿತಿಯನ್ನು ವಿಚಾರಿಸುತ್ತಿದ್ದರು. ಬೆಳಿಗ್ಗೆ ಎಷ್ಟು ರೊಟ್ಟಿ ತಿಂದರು, ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪವಾಗಿದೆಯೇ, ಮೊನ್ನೆ ಸಂತೆಯಲ್ಲಿ ಕೆಮ್ಮಿದರಂತಲ್ಲ ಏಕೆ. ಅವರೇ ಹೋಟೆಲಿಗೆ ಬಂದು ಎದುರು ಕೂತಿದ್ದರೂ ಅವರನ್ನು ಕೇಳುತ್ತಿರಲಿಲ್ಲ. ಅವರು ಚಹ ಕುಡಿದು ಹೋದ ಮೇಲೆ ಚರ್ಚೆ. ಎದುರಿಗೆ ಕೇಳಿದರೆ ಉತ್ತರ ಸಿಕ್ಕಿ ಮಾತು ಮುಗಿದುಹೋಗುತ್ತದಲ್ಲ! ನಾನು ಆಗ ಮಿಡ್ಲ್ ಸ್ಕೂಲಿಗೆ ಹೊಸದಾಗಿ ಬಂದ ಒಬ್ಬಂಟಿ ಮೇಷ್ಟ್ರು, ರುದ್ರಪ್ಪನವರಲ್ಲೇ ಊಟ. ಹಾಗಾಗಿ ಆ ಸಭೆಯ ಖಾಯಂ ಶ್ರೋತೃ.

ಆ ವರ್ಷ ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರದವರೆಗೆ ಒಂದು ಓಟ ಗೊತ್ತಾಗಿತ್ತು. ಎರಡೂ ಊರಿನ ವರ್ತಕರು ಸೇರಿ ನಡೆಸುವುದು. ಹರಿಹರದ ಕಡೆಯಿಂದ ಒಬ್ಬ ಹೊಸ ತರುಣ ಬರುತ್ತಾನೆ, ಭಾರಿ ಜೋರಂತೆ ಎಂಬ ಸುದ್ದಿಯಿದ್ದುದರಿಂದ ನಮ್ಮೂರಿನ ಮಾನ ಚಾಂಪಣ್ಣನವರ ಕಾಲಿನಲ್ಲಿತ್ತು. ಓಟಕ್ಕೆ ಮೊದಲು ಅವರು ಸೊರಬದ ಮೈದಾನದಲ್ಲಿ ಸುತ್ತುವ ಪ್ರದರ್ಶನ ಒಪ್ಪಿಕೊಂಡಿದ್ದರು. ಸೊರಬದಲ್ಲಿ ಅವರಿಗೆ ಇನ್ನೂ ಒಂದು ಕೆಲಸವಿತ್ತು. ಶಾರದೆಗೆ ಅಲ್ಲಿ ಒಂದು ಗಂಡು ಗೊತ್ತಾಗಿ, ನಿಶ್ಚಯಕ್ಕೆ ದಿನ ನೋಡುವ ಮಾತು ನಡೆದಿತ್ತು.

ಹೋಗುವಾಗ ಸೈಕಲ್ಲಿನಲ್ಲಿ ಹೋದ ಚಾಂಪಣ್ಣನವರು ಬರುವಾಗ ಬಸ್ಸಿನಲ್ಲಿ ಬಂದರು.

ಇದು ಎಂಥ ಸುದ್ದಿ ಎಂದು ಈಗಿನವರಿಗೆ ಹೇಗೆ ಹೇಳುವುದೋ ತಿಳಿಯದು. ಎದುರುಮನೆಗೆ ಹಬ್ಬದ ಕಡುಬು ಕೊಡಲೂ ಸೈಕಲ್ ಹತ್ತುತ್ತಿದ್ದ ಮನುಷ್ಯ ಅವರು. ಬಸ್ಸಿನ ತಲೆಯ ಮೇಲಿಂದ ಅವರ ಸೈಕಲ್ಲನ್ನು ಹಗ್ಗ ಕಟ್ಟಿ ಇಳಿಸುವುದನ್ನು ರುದ್ರಪ್ಪನವರು ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ಬೀದಿಗೆ ಬಂದು ನೋಡಿದರು. ಚಾಂಪಣ್ಣನವರು ಯಾರನ್ನೂ ನೋಡದೆ ಸೈಕಲ್ ತಳ್ಳಿಕೊಂಡು ಮನೆಯ ಕಡೆ ನಡೆದರು. ಕಂಡಕ್ಟರು ಹೋಟೆಲಿಗೆ ಬಂದು ಚಹಕ್ಕೆ ಹೇಳಿ ಇನ್ನೂ ದೊಡ್ಡದನ್ನು ಹೇಳಿದ.

"ಅರ್ಧ ಬಸ್ಸು ಖಾಲಿ ಇತ್ರೀ. ಕೂತ್ಕೊಳ್ರಿ ಅಂದೆ, ಕೂರ್ಲಿಲ್ಲ. ಸೊರಬದಿಂದ ಇಲ್ಲಿಗಂಟ ಕಂಬಿ ಹಿಡ್ಕಂಡು ನಿಂತೇ ಬಂದ್ರು."

"ನಿಂತೇ?" ಎಂದರು ಹುಸೇನ್ ಸಾಬರು.

"ನಿಂತೇ. ಗುಂಡಿ ಬಂದಾಗ 'ಶಿವ ಶಿವಾ' ಅಂತಿದ್ರು."

ಹೋಟೆಲಿನ ಒಳಗಿಂದ ದೋಸೆ ಸೀದ ವಾಸನೆ ಬಂತು.

ನಾನು ಮನೆಗೆ ಬಂದರೆ ಗೋಡೆಯಾಚೆಯಿಂದ "ಶ್, ಮೇಷ್ಟ್ರೇ" ಎಂದು ಕೇಳಿಸಿತು. ಅವರು ಗೋಡೆಗೆ ಎದೆ ಆನಿಸಿ ನಿಂತಿದ್ದರು. ಮುಖ ಬಾಡಿತ್ತು. ಅತ್ತಿತ್ತ ನೋಡಿ, "ವಿದ್ಯೆ ಮ್ಯಾಲೆ ಆಣೆ ಮಾಡ್ರಿ, ಯಾರಿಗೂ ಹೇಳಂಗಿಲ್ಲ" ಎಂದರು. ಏನೋ ಘೋರ ನಡೆದಿದೆ ಎಂದುಕೊಂಡು ಆಣೆ ಮಾಡಿದೆ.

"ಕುರು ಆಗೈತೆ."

"ಎಲ್ಲಿ?"

ಅವರು ಗೋಡೆಯ ಕಡೆ ಮುಖ ತಗ್ಗಿಸಿ, ಕೇಳಿಸಿಯೂ ಕೇಳಿಸದಂತೆ ಹೇಳಿದರು: "ಕೂರೋ ಜಾಗದಾಗೆ."

ನಾನು ನಕ್ಕೆ. ನಗಬಾರದಿತ್ತು ಎಂದು ಅವರ ಮುಖ ನೋಡಿದಾಗ ತಿಳಿಯಿತು. ಕಾಲು ಮುರಿದಿದ್ದರೆ ಅವರು ತಲೆಯೆತ್ತಿ ಹೇಳುತ್ತಿದ್ದರು. ಇದನ್ನು ತಾಯಿಗೂ ಹೇಳಿರಲಿಲ್ಲ, ತಂಗಿಗಂತೂ ಹೇಳುವ ಮಾತೇ ಇಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಲು ಸಿದ್ಧರಿಲ್ಲ, ಅಲ್ಲಿ ನರ್ಸಮ್ಮ ಇದ್ದಾರೆ. ಕಡೆಗೆ ನಾನೇ ಹೋಗಿ ಕಂಪೌಂಡರ ಹತ್ತಿರ ಕುರುವಿಗೆ ಹಚ್ಚುವ ಕಪ್ಪು ಮುಲಾಮು ಕೇಳಿದೆ. ಯಾರಿಗೆ ಎಂದರು. ಆಣೆ ನೆನಪಾಗಿ "ನನಗೇ" ಎಂದೆ. ಎಲ್ಲಿ ಎಂದರು. ಅದನ್ನೂ ಹೇಳಬೇಕಾಯಿತು.

ಮರುದಿನ ನಾನು ಸ್ಕೂಲಿಗೆ ಹೋಗುವಷ್ಟರಲ್ಲಿ ಹೆಡ್ ಮೇಷ್ಟ್ರು ತಮ್ಮ ಕುರ್ಚಿಯ ದಿಂಬನ್ನು ನನ್ನ ಕುರ್ಚಿಗೆ ಹಾಕಿಸಿದ್ದರು. "ನಾಚ್ಕೋಬೇಡಿ, ಪ್ರಾಯದಲ್ಲಿ ಆಗುತ್ತೆ" ಎಂದು ಬೆನ್ನು ತಟ್ಟಿದರು. ರುದ್ರಪ್ಪನವರು ನನ್ನ ಎಲೆಗೆ ಬದನೆಕಾಯಿ ಬಡಿಸುವುದನ್ನು ನಿಲ್ಲಿಸಿದರು, ಅದು ನಂಜಂತೆ. ನಾನು ಆಣೆಗೆ ಕಟ್ಟುಬಿದ್ದು ಬೆಂಚಿನ ತುದಿಯಲ್ಲಿ ಒಂದು ಪಕ್ಕಕ್ಕೆ ಓರೆಯಾಗಿ ಕೂತು ಊಟ ಮಾಡುವುದನ್ನು ಅಭ್ಯಾಸ ಮಾಡಿಕೊಂಡೆ. ನನ್ನ ಕುರುವಿನ ಬಗ್ಗೆ ಯಾರೂ ಎರಡನೆಯ ಮಾತಾಡಲಿಲ್ಲ. ಮೇಷ್ಟ್ರಿಗೆ ಕುರುವಾದರೆ ಅದು ಕುರು ಅಷ್ಟೆ. ಚಾಂಪಿಯನ್ನರು ಬಸ್ಸಿನಲ್ಲಿ ನಿಂತು ಬಂದರೆ ಅದು ಬೇರೆ.

ಅಷ್ಟರಲ್ಲಿ ಅವರು ಓಟಕ್ಕೆ ಬರುವುದಿಲ್ಲವೆಂದು ವರ್ತಕರಿಗೆ ಹೇಳಿಕಳಿಸಿದರು. ಮುಲಾಮು ಹಚ್ಚಿದ ಮೇಲೆ ಸ್ವಲ್ಪ ಹಗುರಾಗಿ, ಬಂದರೂ ಬರಬಹುದು ಎಂದು ಹೇಳಿಕಳಿಸಿದರು. ಒಮ್ಮೆ ಸೀಟಿನ ಮೇಲೆ ಕೂತು ನೋಡಿ ಕೂಗಿಕೊಂಡು, ಇಲ್ಲ, ಈ ವರ್ಷ ಆಗುವುದೇ ಇಲ್ಲ ಎಂದು ಮತ್ತೆ ಹೇಳಿಕಳಿಸಿದರು. ಕಾರಣ ಮಾತ್ರ ಹೇಳಲಿಲ್ಲ. ಹೋಟೆಲಿನಲ್ಲಿ ಹಬ್ಬವೇ ಹಬ್ಬ.

"ಸೊರಬದೋರು ಏನೋ ಕೊಟ್ಟು ಬಾಯಿ ಮುಚ್ಚಿಸ್ಯಾರೆ. ಹರಿಹರದ ಹುಡುಗನ್ನ ಗೆಲ್ಲಿಸ್ಬೇಕು ಅಂತ ಒಳಗೊಳಗೇ ಆಗೈತೆ" ಎಂದರು ಹುಸೇನ್ ಸಾಬರು.

"ಅವರು ಅಂಥೋರಲ್ಲ. ಗ್ರಹಚಾರ. ಶನಿ ಕಾಲಿನಲ್ಲಿ ಇರುವಾಗ ಕೂತರೆ ಕಷ್ಟ, ನಿಂತರೆ ವಾಸಿ. ಅದಕ್ಕೇ ನಿಂತು ಬಂದಿರೋದು" ಎಂದರು ಶಾನುಭೋಗರು.

ರುದ್ರಪ್ಪನವರದು ಬೇರೆ ದಾರಿ. "ಎರಡೂ ಅಲ್ಲ. ಸೊರಬದಾಗೆ ಯಾವ್ದೋ ಹುಡುಗಿ ನೋಡ್ಯಾರೆ. ಮನಸ್ಸು ಅಲ್ಲೇ ಉಳ್ದೈತೆ. ಪ್ರೀತಿ ಮಾಡಿದೋನಿಗೆ ಕೂರಾಕೆ ಆಗಲ್ರೀ, ನಾನು ಅನುಭವಸ್ಥ. ಏನಂತೀರಿ ಮೇಷ್ಟ್ರೇ?"

"ಇರಬಹುದು" ಎಂದು ನಾನು ಓರೆಯಾಗಿ ಕೂತಲ್ಲಿಂದಲೇ ಹೇಳಿದೆ.

ಇಲ್ಲಿಯವರೆಗೆ ಎಲ್ಲ ನಗೆಯಾಗಿತ್ತು. ಆದರೆ ಆ ಬೇಸಿಗೆ ಎಂಥದೆಂದು ಹೇಳಬೇಕು. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಮರದಿಂದ ಸತ್ತು ಬೀಳುತ್ತಿದ್ದವು. ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋದವರು ಜ್ವರ ಹಿಡಿದು ಮಲಗುತ್ತಿದ್ದರು. ಕೆಲವರು ಏಳುತ್ತಲೇ ಇರಲಿಲ್ಲ. ಎಲ್ಲೆಲ್ಲಿಂದಲೋ ಡಾಕ್ಟರುಗಳು ಬಂದು ಸೊರಬದ ಕಡೆ ಡೇರೆ ಹಾಕಿದ್ದರು. ಅದೇನು ಕಾಯಿಲೆ, ಹೇಗೆ ಬರುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಂಗನ ಕಾಯಿಲೆ ಎಂಬ ಹೆಸರೊಂದೇ ಗೊತ್ತಿದ್ದದ್ದು. ಆ ಹೆಸರು ಹೇಳುವಾಗ ಜನ ದನಿ ತಗ್ಗಿಸುತ್ತಿದ್ದರು.

ಒಂದು ಸಂಜೆ ಅದೇ ಕಂಡಕ್ಟರು ಚಹ ಕುಡಿಯುತ್ತಾ, ಚಾಂಪಣ್ಣನವರು ಸೊರಬದಲ್ಲಿದ್ದಾಗ ಕ್ಯಾಸನೂರಿನ ಕಡೆಗೂ ಹೋಗಿದ್ದರಂತೆ ಎಂದ. ಹೌದೇ ಎಂದು ಕೇಳುವವರಿಲ್ಲ. ಮರುದಿನ ಬೆಳಿಗ್ಗೆ ಅವರ ಮನೆಗೆ ಹಾಲಿನವಳು ಬರಲಿಲ್ಲ. ಮಧ್ಯಾಹ್ನ ಯಾವುದೋ ಮಂಗ ಅವರ ಹೆಂಚಿನ ಮೇಲೆ ಕೂತು ಹೇನು ಹೆಕ್ಕಿಕೊಂಡು ಹೋಯಿತು. ಶಿಕಾರಿಪುರದಲ್ಲಿ ಮಂಗ ಕೂರದ ಮನೆ ಯಾವುದಿತ್ತು? ಆದರೆ ಆ ದಿನ ಅದನ್ನು ನೋಡಲು ಬೀದಿಯೇ ನೆರೆಯಿತು. "ನೆಂಟಸ್ತಿಕೆ ಮಾತಾಡ್ಸೋಕೆ ಬಂದೈತೆ" ಎಂದು ಯಾರೋ ಅಂದರು, ಯಾರೂ ನಗಲಿಲ್ಲ.

ಸಂಜೆ ಅವರ ತಾಯಿ ಬಾವಿಗೆ ಹೋದರೆ ಅಲ್ಲಿದ್ದ ಹೆಂಗಸರು ಕೊಡಗಳನ್ನು ಎತ್ತಿಕೊಂಡು ದೂರ ಸರಿದು ನಿಂತರು. ಯಾರೂ ಬೈಯಲಿಲ್ಲ, ಸುಮ್ಮನೆ ಸರಿದರು. ಆ ತಾಯಿ ಹಗ್ಗವನ್ನು ಮುಟ್ಟದೆ ಖಾಲಿ ಕೊಡ ಹೊತ್ತು ವಾಪಸು ಬಂದದ್ದನ್ನು ನಾನು ಗೋಡೆಯ ಈಚೆಯಿಂದ ನೋಡಿದೆ. ನಾನೇ ಹೋಗಿ ನೀರು ಸೇದಿ ತಂದುಕೊಟ್ಟೆ. ಅದರ ಹಿಂದೆಯೇ ಸೊರಬದಿಂದ ಮಾತು ಬಂತು: ನಿಶ್ಚಯ ಸದ್ಯಕ್ಕೆ ಬೇಡ, ಗಂಡಿನ ಸೋದರಮಾವ ಒಮ್ಮೆ ಬಂದು ನೋಡಿ ಹೋಗುತ್ತಾರೆ. ನೋಡುವುದೇನನ್ನು ಎಂದು ಹೇಳಿರಲಿಲ್ಲ.

ಆ ದಿನ ನಾನು ಗೋಡೆಯ ಹತ್ತಿರ ನಿಂತು "ಇನ್ನು ಹೇಳಿಬಿಡಿ" ಎಂದೆ.

"ಹೆಂಗ್ ಹೇಳ್ಲಿ ಮೇಷ್ಟ್ರೇ? ಯಾವ ಬಾಯಾಗೆ? ನಾಳೆ ಮೈದಾನಕ್ಕೆ ಇಳಿದ್ರೆ ಜನ ನನ್ನ ಕಾಲು ನೋಡ್ತಾರೋ, ಇನ್ನೇನು ನೋಡ್ತಾರೋ?"

"ಶಾರದೆಯ ಮದುವೆ?"

ಅವರು ಗೋಡೆಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆಯುತ್ತಾ ನಿಂತರು. ಕಣ್ಣು ತುಂಬಿತ್ತು. ನೋವಿಗೋ, ಬೇರೆಯದಕ್ಕೋ.

ಈ ಮಧ್ಯೆ ಅಭಿಮಾನಿಗಳು ಸುಮ್ಮನಿರಲಿಲ್ಲ. ಹೆದರಿಕೆಯಿಂದ ಅವರ ಮನೆಯ ಹತ್ತಿರ ಬರುತ್ತಿರಲಿಲ್ಲ, ಆದರೆ ಪ್ರೀತಿಯೇನೂ ಕಡಿಮೆಯಾಗಿರಲಿಲ್ಲ. ಹುಸೇನ್ ಸಾಬರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬೀದಿಯ ತುದಿಯಲ್ಲಿ ಬಾಳೆಹಣ್ಣಿನ ಚಿಪ್ಪು ಇಟ್ಟು ಓಡಿಹೋಗುತ್ತಿದ್ದರು. ಅದನ್ನು ಮಂಗಗಳು ತಿನ್ನುತ್ತಿದ್ದವು. ರುದ್ರಪ್ಪನವರು ಅಂಗಡಿಗೆ ಬೀಗ ಹಾಕಿ ಸೊರಬಕ್ಕೆ ಬಸ್ಸು ಹತ್ತಿ, ಡಾಕ್ಟರ ಡೇರೆಯ ಮುಂದೆ ಅತ್ತು ಕರೆದು, "ನಮ್ಮ ತಾಲ್ಲೂಕಿನ ಆಸ್ತಿ ಅವರು, ಉಳಿಸಿಕೊಡ್ರಿ" ಎಂದು ಒಬ್ಬ ಡಾಕ್ಟರನ್ನು ಹೊರಡಿಸಿಕೊಂಡೇ ಬಂದರು.

ಹಾಗೆ ಒಂದು ಬೆಳಿಗ್ಗೆ ಅವರ ಮನೆಯ ಮುಂದೆ ಜೀಪು ನಿಂತಿತು. ನಿಂತ ಸ್ವಲ್ಪ ಹೊತ್ತಿಗೆಲ್ಲ ಅರ್ಧ ಊರು ಅಲ್ಲಿತ್ತು, ಸಾಕಷ್ಟು ದೂರದಲ್ಲಿ. ಅದೇ ಬೆಳಗಿನ ಬಸ್ಸಿನಲ್ಲಿ ಗಂಡಿನ ಸೋದರಮಾವನೂ ಬಂದಿಳಿದಿದ್ದರು. ಕೋಟು, ಕೊಡೆ, ಎಲೆಯಡಿಕೆಯ ಕೆಂಪು ಬಾಯಿಯ ದಪ್ಪನೆಯ ಮನುಷ್ಯ. ಜನರ ಗುಂಪಿನಲ್ಲೇ ಒಂದು ಕಡೆ ನಿಂತರು.

ಡಾಕ್ಟರು ಮದರಾಸಿನ ಕಡೆಯ ಚಿಕ್ಕ ಪ್ರಾಯದವರು. ಕನ್ನಡ ಕಲಿತು ಹೆಚ್ಚು ದಿನವಾಗಿರಲಿಲ್ಲ. ಜಗಲಿಯ ಮೇಲೆ ಒಂದು ಸ್ಟೂಲು ಹಾಕಿಸಿ, "ಕೂತುಕೊಳ್ಳಿ" ಎಂದರು.

"ನಿಂತಿರ್ತೀನಿ ಸಾರ್" ಎಂದರು ಚಾಂಪಣ್ಣನವರು.

"ರಕ್ತ ತಕ್ಕೋಬೇಕು. ಕೂತುಕೊಳ್ಳಿ."

"ನಿಂತೇ ತಗೊಳ್ರಿ."

"ನೋಡಿದ್ರಾ, ಕೂರಲ್ಲ!" ಎಂದು ಶಾನುಭೋಗರು ಹಿಂದಿನವರಿಗೆ ಹೇಳಿದರು. ಕೂರಲ್ಲ, ಕೂರಲ್ಲ ಎಂದು ಮಾತು ಬೀದಿಯ ಕೊನೆಯವರೆಗೆ ಹೋಯಿತು. ಇದು ಕಾಯಿಲೆಯ ಲಕ್ಷಣವೇ ಇರಬೇಕೆಂದು ಆಗಲೇ ತೀರ್ಮಾನವಾಗಿತ್ತು. ಗುಂಪಿನಲ್ಲಿ ಕೂತಿದ್ದ ಒಂದಿಬ್ಬರು, ತಾವು ಆರೋಗ್ಯವಾಗಿದ್ದೇವೆಂದು ತೋರಿಸಲೋ ಏನೋ, ಇನ್ನೂ ಗಟ್ಟಿಯಾಗಿ ಕೂತರು.

ಚಾಂಪಣ್ಣನವರು ಜನರನ್ನು ನೋಡಿದರು. ಸೋದರಮಾವನನ್ನು ನೋಡಿದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ತಂಗಿಯನ್ನು ನೋಡಿದರು. ಏರು ರಸ್ತೆಗೆ ತಿರುಗುವ ಮೊದಲು ಎಳೆದುಕೊಳ್ಳುವಂಥ ಒಂದು ಉಸಿರು ಎಳೆದುಕೊಂಡರು.

"ನನಗೆ ಮಂಗನ ಕಾಯಿಲೆ ಇಲ್ಲ್ರೀ. ಕ್ಯಾಸನೂರಿಗೆ ನಾನು ಹೋಗೇ ಇಲ್ಲ. ನನಗೆ ಕುರು ಆಗೈತೆ. ಅಷ್ಟೇ."

ಜನ ಕೇಳಿಸಿಕೊಂಡರು. ಶಾನುಭೋಗರು "ಎಲ್ಲಿ?" ಎಂದರು.

ಅದನ್ನು ಹೇಳಲು ಅವರಿಂದಾಗಲಿಲ್ಲ. ಗೋಡೆಯ ಕಡೆ ತಿರುಗಿದರು.

"ಕುರು ಆಗಿರೋದು ಮೇಷ್ಟ್ರಿಗೆ!" ಎಂದು ಕಂಪೌಂಡರು ಗುಂಪಿನ ನಡುವಿನಿಂದ ಕೂಗಿದರು. "ಮುಲಾಮು ಕೊಟ್ಟೋನು ನಾನು."

ಎಲ್ಲರೂ ನನ್ನನ್ನು ನೋಡಿದರು. ನಾನು ಅಭ್ಯಾಸಬಲದಿಂದ ಒಂದು ಪಕ್ಕಕ್ಕೆ ವಾಲಿ ನಿಂತೆ. ಪಾಪ, ಬೇರೆಯವರ ಕಾಯಿಲೆಯ ಹೆಸರು ಹೇಳಿ ತನ್ನದನ್ನು ಮುಚ್ಚಿಕೊಳ್ಳುತ್ತಿದ್ದಾರೆ ಎಂದು ಜನ ಮರುಗಿದರು. ರುದ್ರಪ್ಪನವರು ಕಣ್ಣೊರೆಸಿಕೊಂಡರು.

ಡಾಕ್ಟರಿಗೆ ಅರ್ಧಂಬರ್ಧ ತಿಳಿದಿರಬೇಕು. ಚಾಂಪಣ್ಣನವರನ್ನು ಒಳಗೆ ಕರೆದುಕೊಂಡು ಹೋಗಿ ಕದ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಬ್ಬರೇ ಹೊರಗೆ ಬಂದಾಗ ಡಾಕ್ಟರ ಮುಖದಲ್ಲಿ ನಗು ತಡೆಹಿಡಿದ ಬಿಗಿತವಿತ್ತು. ಸಭ್ಯರಾದ್ದರಿಂದ ಸಭ್ಯವಾದ ಮಾತಿಗೆ ಹುಡುಕಾಡಿ, ಗಟ್ಟಿಯಾಗಿ ಹೇಳಿದರು:

"ಬಯ ಬೇಡ. ಜ್ವರ ಇಲ್ಲ. ಇವರಿಗೆ ಕಾಯಿಲೆ... ಹಿಂದೆ. ಹಿಂದೆ ಮಾತ್ರ."

"ಹಿಂದೆ ಇತ್ತಂತೆ!" ಎಂದು ಕೂಗೆದ್ದಿತು.

"ನಾನು ಹೇಳ್ಲಿಲ್ವಾ?"

"ಹಿಂದೆ ಅಂದ್ರೆ ಯಾವಾಗ ಡಾಕ್ಟ್ರೇ?" ಎಂದರು ಶಾನುಭೋಗರು.

ಡಾಕ್ಟರು ಗಲಿಬಿಲಿಗೊಂಡರು. "ಯಾವಾಗ? ಈಗ. ಈಗ ಹಿಂದೆ."

"ಈಗ ಹಿಂದೆ?"

"ಮುಂದೆ ಇಲ್ಲ" ಎಂದು ಡಾಕ್ಟರು ಧೈರ್ಯ ಹೇಳಿದರು.

"ಮುಂದೆ ಬರಲ್ವಂತೆ. ಈಗ ಹಿಂದೆ ಐತಂತೆ. ಅಂದ್ರೇನ್ರೀ ಅದು?"

ಹುಸೇನ್ ಸಾಬರು ಕರವಸ್ತ್ರವನ್ನು ಇನ್ನೊಂದು ಗಂಟು ಬಿಗಿದರು. ಸೊರಬದ ಸೋದರಮಾವ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಬಸ್ ನಿಲ್ದಾಣದ ಕಡೆ ಹೊರಳಿದ್ದನ್ನು ನಾನು ನೋಡಿದೆ. ನಾನಲ್ಲದೆ ಇನ್ನೊಬ್ಬರೂ ನೋಡಿದರು.

ಶಾರದೆ ಬಾಗಿಲು ತಳ್ಳಿಕೊಂಡು ಜಗಲಿಗೆ ಬಂದಳು. ಅದುವರೆಗೆ ಬೀದಿಯಲ್ಲಿ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. ಹದಿನೆಂಟರ ಹುಡುಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಟಿದ್ದ ಸೋದರಮಾವನ ಬೆನ್ನಿಗೆ ಕೇಳುವಂತೆ ಕೂಗಿದಳು:

"ಅಣ್ಣನಿಗೆ ಕುಂಡಿ ಮ್ಯಾಲೆ ಕುರು ಆಗೈತೆ ಕಣ್ರೀ! ಬಂದ ದಿನದಿಂದ ನಿಂತ್ಕಂಡೇ ಉಣ್ತಾನೆ, ಬೋರಲು ಮಲಗ್ತಾನೆ. ನನಗೆ ಗೊತ್ತಿಲ್ಲ ಅನ್ಕೊಂಡಾನೆ. ಹೇಳಿದ್ರೆ ನಾಚ್ಕೊಂಡು ಸಾಯ್ತಾನೆ ಅಂತ ನಾನೂ ಸುಮ್ಮನಿದ್ದೆ. ಇನ್ನು ನೀವೆಲ್ಲ ಸೇರಿ ನನ್ನ ಅವ್ವನಿಗೆ ನೀರು ತಪ್ಪಿಸ್ತೀರಾ? ಯಾರಿಗೆ ಅನುಮಾನ ಐತೋ ಒಳಗೆ ಬಂದು ನೋಡ್ಕೊಂಡು ಹೋಗ್ರಿ!"

ಒಳಗಿನಿಂದ "ಅಯ್ಯೋ ಶಾರದಾ!" ಎಂದು ಚಾಂಪಣ್ಣನವರ ನರಳಾಟ ಕೇಳಿಸಿತು. ಬಾವಿಯ ಹೆಂಗಸರು ತಲೆ ತಗ್ಗಿಸಿದರು. ಆಮೇಲೆ ಯಾರೋ ಒಬ್ಬರು ಕಿಸಕ್ಕೆಂದರು, ಅಷ್ಟೆ. ಇಡೀ ಬೀದಿ ನಗತೊಡಗಿತು. ಹೆದರಿಕೆ ಹೋದಾಗ ಬರುವ ನಗು, ಅದು ಬೇಗ ನಿಲ್ಲುವುದಿಲ್ಲ. ಹುಸೇನ್ ಸಾಬರು ಮೂಗಿನ ಕರವಸ್ತ್ರ ಬಿಚ್ಚಿ ಅದರಿಂದಲೇ ಕಣ್ಣು ಒರೆಸಿಕೊಂಡರು.

ಸೋದರಮಾವ ನಿಂತಿದ್ದರು. ಜನರನ್ನು ಸರಿಸಿಕೊಂಡು ನಿಧಾನವಾಗಿ ಜಗಲಿಯ ಹತ್ತಿರ ಬಂದರು. ಶಾರದೆ ಸೊಂಟದ ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡಳು. ಅವರು ಬಾಯಿಯ ಎಲೆಯಡಿಕೆ ಉಗುಳಿ ಬಂದು ಬಹಳ ಗಂಭೀರವಾಗಿ ಕೇಳಿದರು:

"ಎಡಗಡೆಯಾ, ಬಲಗಡೆಯಾ?"

ಜನ ಡಾಕ್ಟರ ಕಡೆ ತಿರುಗಿದರು.

"ಅಲ್ಲ ಮಾರಾಯ್ರೇ, ನನಗೆ ಹೋದ್ವರ್ಷ ಬಲಗಡೆ ಆಗಿತ್ತು. ಪ್ರಾಣ ಹೋಗೋದೊಂದು ಬಾಕಿ. ಎಂತ ಉರಿ, ಎಂತ ಉರಿ! ಮನೇಲಿ ಒಬ್ಬರ ಹತ್ರಾನೂ ಹೇಳ್ಲಿಲ್ಲ ನಾನು." ಆಮೇಲೆ ಶಾರದೆಯ ಕಡೆ ತಿರುಗಿ, "ನಮ್ಮನೇಲಿ ಯಾರಿಗೂ ಬಾಯಿ ಬರಾದಿಲ್ಲ ಮಗಾ. ನೀನು ಬಂದ್ರೆ ಒಳ್ಳೇದಾಯ್ತು" ಎಂದರು. ಅಷ್ಟು ಹೇಳಿ, ರೋಗಿಯನ್ನು ಕಾಣಲು ಸೀದಾ ಒಳಗೆ ಹೋದರು.

ಡಾಕ್ಟರು ಆ ಬೆಳಿಗ್ಗೆಯೇ ಕುರುವಿಗೆ ಕತ್ತಿ ಹಾಕಿದರು. ಒಳಗಿನಿಂದ ಬಂದ ಕೂಗು ಬಸ್ ನಿಲ್ದಾಣದವರೆಗೆ ಕೇಳಿಸಿತೆಂದು ಹೇಳುತ್ತಾರೆ. ಹೊರಗಿದ್ದ ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ಹಾಲಿನವಳು ಸಂಜೆ ಎರಡು ಪಾವು ಹೆಚ್ಚಿಗೆ ಹಾಕಿ ಹೋದಳು. ನನ್ನ ಎಲೆಗೆ ಬದನೆಕಾಯಿ ಮರಳಿ ಬಂತು. ಹೆಡ್ ಮೇಷ್ಟ್ರು ಮಾತ್ರ ದಿಂಬನ್ನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ.

ಶಾರದೆಯ ಮದುವೆ ಆ ಬೇಸಿಗೆಯಲ್ಲೇ ಆಯಿತು. ಚಾಂಪಣ್ಣನವರು ಆಮೇಲೆ ಎಷ್ಟೋ ವರ್ಷ ಓಟಗಳಲ್ಲಿ ಗೆದ್ದರು, ಸೋತರು. ಮುಂದೆ ಇಳಿಜಾರಿನ ಊರೊಂದರಿಂದಲೇ ಹೆಣ್ಣು ತಂದುಕೊಂಡರು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಅದನ್ನೆಲ್ಲ ಶಾರದಮ್ಮ ಫೋನಿನಲ್ಲಿ ಹೇಳಿದ್ದು. ನನಗೆ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಅವರು ಓಡಿ ಗೆದ್ದ ದಿನವಲ್ಲ, ಓಡದೇ ಇದ್ದ ದಿನ.

ಸೊರಬದ ಓಟ ಅವರಿಲ್ಲದೆಯೇ ನಡೆಯಿತು. ಗಾಯ ಮಾಗಿರಲಿಲ್ಲ. ಶಿರಾಳಕೊಪ್ಪ ದಾಟಿ, ತಾಳಗುಂದದ ಕಡೆ ತಿರುಗುವ ರಸ್ತೆಯ ಹತ್ತಿರ ನಾವೆಲ್ಲ ಓಟ ನೋಡಲು ಹೋಗಿ ನಿಂತಿದ್ದೆವು: ರುದ್ರಪ್ಪನವರು, ಹುಸೇನ್ ಸಾಬರು, ಶಾನುಭೋಗರು, ನಾನು, ಜೊತೆಗೆ ಅವರೂ. ರಸ್ತೆಯ ಪಕ್ಕದಲ್ಲಿ ನಿಂತು ಓಟ ನೋಡಿದ್ದು ಅವರ ಜೀವಮಾನದಲ್ಲಿ ಅದೇ ಮೊದಲಂತೆ. ಆರಂಭದಲ್ಲಿ ಮಂಕಾಗಿದ್ದರು. ದೂರದಲ್ಲಿ ಧೂಳೆದ್ದಿತು. ಹರಿಹರದ ತರುಣ ಎಲ್ಲರಿಗಿಂತ ಮುಂದಿದ್ದ. ನಮ್ಮ ಮುಂದೆ ಹಾಯ್ದು ಹೋಗುವಾಗ ಅವನ ಮುಖ ಸುಣ್ಣದಂತಾಗಿತ್ತು.

"ಅವನ ಬಲಗಾಲು ನೋಡಿದ್ರಾ?" ಎಂದರು ಚಾಂಪಣ್ಣನವರು ಥಟ್ಟನೆ.

"ನೋಡಿದೆ. ಏನೋ ಐತೆ" ಎಂದರು ಹುಸೇನ್ ಸಾಬರು.

"ಕಾಲಲ್ಲ, ಪಿತ್ತ. ಕಣ್ಣು ಹಳದಿ ಇತ್ತು. ಕಾಮಾಲೆ ಇರ್ಬೇಕು" ಎಂದರು ಶಾನುಭೋಗರು.

"ಇಲ್ಲ, ಮನೇಲಿ ಜಗಳ" ಎಂದರು ರುದ್ರಪ್ಪನವರು. "ಮೋರೆ ನೋಡಿದ್ರೆ ಗೊತ್ತಾಗ್ತೈತೆ."

"ಜಗಳಾನೂ ಐತೆ, ಕಾಮಾಲೆನೂ ಐತೆ. ಕಾಮಾಲೆಯಿಂದ್ಲೇ ಜಗಳ" ಎಂದು ಚಾಂಪಣ್ಣನವರು ತೀರ್ಪು ಕೊಟ್ಟರು. ಹಿಂದಿನ ಸವಾರರೆಲ್ಲ ಹೋಗಿ ಧೂಳು ಕೂತರೂ ಮಾತು ನಿಲ್ಲಲಿಲ್ಲ. ಶಿಕಾರಿಪುರಕ್ಕೆ ಬರುವಷ್ಟರಲ್ಲಿ ಆ ತರುಣನಿಗೆ ಹೊಟ್ಟೆಯಲ್ಲಿ ಹುಣ್ಣು, ಒಬ್ಬಳು ಮಲತಾಯಿ, ದಾವಣಗೆರೆಯಲ್ಲಿ ಒಬ್ಬ ಶತ್ರು ಎಲ್ಲ ಆಗಿದ್ದರು. ಚಾಂಪಣ್ಣನವರ ಮುಖ ಎಷ್ಟೋ ದಿನಗಳ ಮೇಲೆ ಕಳೆಕಳೆಯಾಗಿತ್ತು.

ಗೆದ್ದ ತರುಣ ರುದ್ರಪ್ಪನವರ ಹೋಟೆಲಿನಲ್ಲೇ ಕೂತು ದೋಸೆಯ ಮೇಲೆ ದೋಸೆ ತಿನ್ನುತ್ತಿದ್ದ. ಚಾಂಪಣ್ಣನವರು ತಡೆಯಲಾರದೆ ಹತ್ತಿರ ಹೋಗಿ ಅವನ ಭುಜದ ಮೇಲೆ ಕೈಯಿಟ್ಟು, "ಮೈಗೆ ಹುಷಾರಿಲ್ಲೇನೋ ತಮ್ಮಾ?" ಎಂದು ಕೇಳಿದರು.

"ಏನೂ ಇಲ್ಲಣ್ಣಾ, ಹಸಿವು" ಎಂದ ಅವನು ಬಾಯಿತುಂಬ ದೋಸೆಯಿಟ್ಟುಕೊಂಡು.

ಚಾಂಪಣ್ಣನವರು ತಲೆಯಾಡಿಸಿ ವಾಪಸು ಬಂದು, ನಮ್ಮ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದರು:

"ಹೇಳ್ತಾನೇನ್ರೀ? ನಾನು ಹೇಳಿದ್ನಾ?"